ನೀಲಿ ಕವರಿನ ಮೇಲೆ ನಾಲ್ಕು ಸಾಲು ಕನ್ನಡ

ಕೇರಳದ ಆರೋಗ್ಯ ಸಚಿವರಿಗೆ, ಕಾಸರಗೋಡು ಜಿಲ್ಲಾ ವೈದ್ಯಾಧಿಕಾರಿಗಳಿಗೆ, ಹಾಗೇ ನಮ್ಮ ಕಡೆಯ ಎಲ್ಲ ಮದ್ದಿನ ಅಂಗಡಿಯವರಿಗೆ,

ನಮಸ್ಕಾರ. ಕನ್ನಡದಲ್ಲೇ ಬರೆಯುತ್ತಿದ್ದೇನೆ, ಬೇಸರ ಮಾಡಬೇಡಿ. ಮಲಯಾಳ ಮಾತಾಡಲು ಬರುತ್ತದೆ, ಬಸ್ಸಿನ ಬೋರ್ಡು ಓದುವಷ್ಟು ಓದಲೂ ಬರುತ್ತದೆ, ಆದರೆ ಸಿಟ್ಟು ಬಂದಾಗ ಅದರಲ್ಲಿ ಬರೆಯಲು ಬರುವುದಿಲ್ಲ. ಸರ್ಕಾರಕ್ಕೆ ನಮ್ಮ ಭಾಷೆಯಲ್ಲಿ ಬರೆಯುವ ಹಕ್ಕು ಕನ್ನಡಿಗರಿಗೆ ಕೇರಳದ ಕಾಯ್ದೆಯಲ್ಲೇ ಇದೆ ಅಲ್ವಾ, ಅದನ್ನು ಇವತ್ತು ಸ್ವಲ್ಪ ಬಳಸಿಕೊಳ್ಳುತ್ತೇನೆ. ವಿಷಯ ಇಷ್ಟೇ: ಆಂಟಿಬಯೋಟಿಕ್ ಹಾಕಿಕೊಡುವ ನೀಲಿ ಕವರಿನ ಮೇಲೆ ಕನ್ನಡ ಬೇಕು, ಅದರ ಜೊತೆ ಕೊಡುವ ಪುಡಿಯನ್ನು ಹೇಗೆ ತಗೊಳ್ಳುವುದು ಅಂತ ಹೇಳುವವರು ಬೇಕು.

ನಮ್ಮ ಮನೆ ಪೆರ್ಲದ ಹತ್ತಿರ. ಅತ್ತೆಗೆ ಎಪ್ಪತ್ತೆರಡು ವರ್ಷ. ಈ ಮಳೆಗಾಲದಲ್ಲಿ ಅವರಿಗೆ ಶೀತ, ಕೆಮ್ಮು ಹಿಡಿಯಿತು. ಮನೆಯವರಿಗೆ ಹಿಂದೆ ಹಲ್ಲುನೋವಿಗೆ ಕೊಟ್ಟಿದ್ದ ಆಂಟಿಬಯೋಟಿಕ್ ಮಾತ್ರೆ ನಾಲ್ಕು ಉಳಿದಿತ್ತು, ಅದನ್ನೇ ಅತ್ತೆ ಎರಡು ದಿನ ನುಂಗಿದರು. ಮುಗಿದ ಮೇಲೆ ಖಾಲಿ ಸ್ಟ್ರಿಪ್ ಹಿಡಿದುಕೊಂಡು ಮೆಡಿಕಲ್‌ಗೆ ಹೋದದ್ದು ನಾನೇ. ಅಂಗಡಿಯವರು ಮೊದಲು ಚೀಟಿ ಕೇಳಿದರು, ನಾನು "ಅದೇ ಮದ್ದು, ಮೊದಲು ಡಾಕ್ಟರೇ ಕೊಟ್ಟದ್ದು" ಅಂದೆ, ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಕೊಟ್ಟೇಬಿಟ್ಟರು. ಹಾಗಾಗಿ ತಪ್ಪಿನಲ್ಲಿ ನನ್ನ ಪಾಲೂ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಶೀತಕ್ಕೆ ಕಾರಣ ವೈರಸ್, ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ಇದು ನನಗೆ ಗೊತ್ತಿಲ್ಲದ್ದೇನಲ್ಲ. ರಾತ್ರಿಯಿಡೀ ಕೆಮ್ಮುವುದನ್ನು ಕೇಳಿದರೆ ಗೊತ್ತಿರುವುದೆಲ್ಲ ಮರೆತುಹೋಗುತ್ತದೆ.

ನಾಲ್ಕನೇ ದಿನ ಭೇದಿ ಶುರುವಾಯಿತು. ಮತ್ತೆ ಮೆಡಿಕಲ್. "ಆಂಟಿಬಯೋಟಿಕ್ ತಗೊಂಡದ್ದಲ್ವಾ, ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾ ಸತ್ತಿರ್ತದೆ, ಇದನ್ನು ಕೊಡಿ" ಅಂತ ಪುಡಿಯ ಸ್ಯಾಶೆ ಆರು ಕೊಟ್ಟರು. ಹೇಳಿದ್ದು ಸುಳ್ಳಲ್ಲ. ಆದರೆ ಹೇಗೆ ಕೊಡಬೇಕು ಅಂತ ಯಾರೂ ಹೇಳಲಿಲ್ಲ. ಸ್ಯಾಶೆಯ ಹಿಂದೆ ಇಂಗ್ಲಿಷಿನಲ್ಲಿ ಇರುವೆ ಸಾಲಿನಂಥ ಅಕ್ಷರ. ಅತ್ತೆ ಅದನ್ನು ಕತ್ತರಿಸಿ, ಹೊಗೆಯಾಡುವ ಕುಚ್ಚಲಕ್ಕಿ ಗಂಜಿಗೆ ಸುರಿದು, ಚಮಚದಲ್ಲಿ ಕಲಸಿ, ಉಪ್ಪಿನಕಾಯಿ ನೆಂಚಿಕೊಂಡು ಕುಡಿದರು. ಎರಡು ದಿನ ಹಾಗೇ ಕುಡಿದರು. ಆ ಪುಡಿಯಲ್ಲಿದ್ದದ್ದು ಲ್ಯಾಕ್ಟೋಬ್ಯಾಸಿಲಸ್, ಬಿಫಿಡೋಬ್ಯಾಕ್ಟೀರಿಯಂ ಎಂಬ ಜೀವಂತ ಬ್ಯಾಕ್ಟೀರಿಯಾ. ಕುದಿಯುವ ಗಂಜಿಯಲ್ಲಿ ಅವು ಬದುಕುವುದಿಲ್ಲ. ದುಡ್ಡು ಕೊಟ್ಟು ತಂದು, ಮನೆಯಲ್ಲಿ ಬೇಯಿಸಿ, ಹೆಣ ಕುಡಿಸಿದ ಹಾಗಾಯಿತು.

ಮೂರನೇ ದಿನ ಬೆಳಿಗ್ಗೆ ಅತ್ತೆ ಬಚ್ಚಲಿನ ಹತ್ತಿರ ಕುಸಿದರು. ನಾಲಿಗೆ ಒಣಗಿ ಹೋಗಿತ್ತು. ನಮ್ಮ ಕಡೆಯವರಿಗೆ ಇಂಥ ಹೊತ್ತಿನಲ್ಲಿ ನೆನಪಾಗುವುದು ಮಂಗಳೂರು, ಸಾರಡ್ಕ ದಾಟಿ ವಿಟ್ಲದ ಮೇಲೆ ಹೋದೆವು. (2020ರಲ್ಲಿ ಗಡಿ ಮುಚ್ಚಿ ತಲಪಾಡಿಯಲ್ಲಿ ಆಂಬುಲೆನ್ಸ್ ನಿಲ್ಲಿಸಿದ್ದನ್ನು ಆ ದಾರಿಯಲ್ಲಿ ಹೋಗುವಾಗಲೆಲ್ಲ ನೆನೆಯುತ್ತೇನೆ, ಆದರೆ ಅದು ಬೇರೆಯೇ ಪತ್ರ.) ಆಸ್ಪತ್ರೆಯಲ್ಲಿದ್ದ ಸಣ್ಣ ಪ್ರಾಯದ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಓಆರ್‌ಎಸ್ ಕೊಟ್ಟಿದ್ರಾ?" ಕೊಟ್ಟಿರಲಿಲ್ಲ. ಮನೆಯಲ್ಲಿ ಇರಲಿಲ್ಲ ಅಂತಲ್ಲ. ಆಶಾ ಕಾರ್ಯಕರ್ತೆ ಕೊಟ್ಟಿದ್ದ ಆ ಉಪ್ಪು ಸಕ್ಕರೆ ಪುಡಿಯ ಎರಡು ಪ್ಯಾಕೆಟ್ ದೇವರ ಪಟದ ಹಿಂದೆ ಹಾಗೇ ಇತ್ತು. ಮೂರು ದಿನ ಡ್ರಿಪ್ ಹಾಕಿದ ಮೇಲೆ ಅತ್ತೆ ಮನೆಗೆ ಬಂದರು. ಈಗ ಚೆನ್ನಾಗಿದ್ದಾರೆ, ನನ್ನನ್ನು ಬೈಯುವಷ್ಟು.

ಆಮೇಲೆ ಈ ವಿಷಯವನ್ನು ನಾನು ಕೂತು ಓದಿದೆ. ಓದಿದ್ದರಲ್ಲಿ ಸ್ವಲ್ಪ ಇಲ್ಲಿ ಹೇಳುತ್ತೇನೆ. ನಿಮಗೆ ಗೊತ್ತಿರುವುದೇ, ಆದರೆ ಇದು ಬಹಿರಂಗ ಪತ್ರ, ಅಕ್ಕಪಕ್ಕದ ಮನೆಯವರೂ ಓದುತ್ತಾರೆ.

ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ, ಹೆಚ್ಚಿನವು ದೊಡ್ಡ ಕರುಳಿನಲ್ಲಿ. ನಮ್ಮದೇ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಒಂದಕ್ಕೆ ಹತ್ತು ಪಾಲು ಬ್ಯಾಕ್ಟೀರಿಯಾ ಅಂತ ಮೊದಲೆಲ್ಲ ಹೇಳುತ್ತಿದ್ದರು, 2016ರಲ್ಲಿ ಲೆಕ್ಕ ಸರಿಮಾಡಿದಾಗ ಹೆಚ್ಚುಕಡಿಮೆ ಸಮ ಸಮ ಅಂತ ಬಂತು. ಎಲ್ಲ ಸೇರಿಸಿ ತೂಗಿದರೆ ಕಾಲು ಕಿಲೋವೂ ಇಲ್ಲ. ಆದರೆ ಅವುಗಳ ಕೆಲಸ ನೋಡಿ. ಬಾಳೆದಿಂಡು, ಸೊಪ್ಪು, ಹಲಸಿನ ಬೀಜ, ಆರಿದ ಅನ್ನದ ಪಿಷ್ಟ, ಇವುಗಳಲ್ಲಿ ನಮಗೆ ಜೀರ್ಣವಾಗದೆ ಕೆಳಗೆ ಹೋಗುವ ಪಾಲನ್ನು ಇವು ತಿಂದು ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ದೊಡ್ಡ ಕರುಳಿನ ಒಳಗೋಡೆಯ ಕೋಶಗಳಿಗೆ ಅದೇ ಮುಖ್ಯ ಆಹಾರ. ಹೊರಗಿನಿಂದ ಬರುವ ಕೆಟ್ಟ ಬ್ಯಾಕ್ಟೀರಿಯಾಕ್ಕೆ ಕೂರಲು ಜಾಗ ಬಿಡುವುದಿಲ್ಲ. ವಿಟಮಿನ್ ಕೆ ಮಾಡುತ್ತವೆ. ರೋಗನಿರೋಧಕ ಕೋಶಗಳಿಗೆ ಯಾರು ಮನೆಯವರು, ಯಾರು ಕಳ್ಳರು ಅಂತ ಸಣ್ಣಂದಿನಿಂದಲೇ ಕಲಿಸುತ್ತವೆ. ನನಗೆ ತುಂಬ ಇಷ್ಟವಾದ ಸಂಗತಿ ಇನ್ನೊಂದಿದೆ. ತಾಯಿಯ ಹಾಲಿನಲ್ಲಿ ಮಗುವಿಗೆ ಜೀರ್ಣವೇ ಆಗದ ಒಂದು ಬಗೆಯ ಸಕ್ಕರೆ ಇದೆಯಂತೆ. ಮತ್ತೆ ಯಾಕೆ ಇದೆ? ಮಗುವಿನ ಕರುಳಿನ ಬಿಫಿಡೋಬ್ಯಾಕ್ಟೀರಿಯಾಕ್ಕೆ. ತಾಯಿ ಒಂದೇ ಮೊಲೆಯಲ್ಲಿ ಮಗುವಿಗೂ ಉಣಿಸಿ ಮಗುವಿನೊಳಗಿನ ಕೋಟಿಗಟ್ಟಲೆ ಜೀವಕ್ಕೂ ಉಣಿಸುತ್ತಾಳೆ.

ಇಂಥ ಜಾಗಕ್ಕೆ ಆಂಟಿಬಯೋಟಿಕ್ ಇಳಿಯುತ್ತದೆ. ನಮ್ಮ ಎಣ್ಮಕಜೆ ಪಂಚಾಯತಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡೆಯ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಂಡ ಊರು ನಮ್ಮದು. ಗುರಿ ಇದ್ದದ್ದು ಗೇರಿನ ಟೀ ಸೊಳ್ಳೆ ಎಂಬ ಕೀಟಕ್ಕೆ, ಬಿದ್ದದ್ದು ಜೇನುಹುಳಕ್ಕೆ, ತೋಡಿನ ಮೀನಿಗೆ, ಆಮೇಲೆ ಮನುಷ್ಯರಿಗೆ. ಹೋಲಿಕೆ ಜಾಸ್ತಿಯಾಯಿತು ಅನಿಸಿದರೆ ಕ್ಷಮಿಸಿ. ಆಂಟಿಬಯೋಟಿಕ್ ವಿಷ ಅಂತ ನಾನು ಹೇಳುತ್ತಿಲ್ಲ, ನ್ಯುಮೋನಿಯಾ ಬಂದಾಗ ನನ್ನ ಮಗನನ್ನು ಉಳಿಸಿದ್ದು ಅದೇ. ಆದರೆ ಗಂಟಲಿಗೆ ಅಂತ ನುಂಗಿದ್ದು ಗಂಟಲಿನಲ್ಲೇ ಕೂರುವುದಿಲ್ಲ. ತಗೊಂಡವರಲ್ಲಿ ನೂರಕ್ಕೆ 5ರಿಂದ 30 ಜನಕ್ಕೆ ಭೇದಿಯಾಗುತ್ತದೆ ಅನ್ನುತ್ತಾರೆ. ವಯಸ್ಸಾದವರಲ್ಲಿ ಕೆಲವೊಮ್ಮೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಪುಂಡ ಬ್ಯಾಕ್ಟೀರಿಯಾ ಖಾಲಿ ಜಾಗ ನೋಡಿ ಬೇರೂರುತ್ತದೆ, ಅದು ಜೀವಕ್ಕೇ ಅಪಾಯ. ಅದು ಮತ್ತೆ ಮತ್ತೆ ಬಂದವರಿಗೆ ಆರೋಗ್ಯವಂತರ ಮಲದ ಸೂಕ್ಷ್ಮಾಣುಗಳನ್ನು ಕರುಳಿಗೆ ಹಾಕಿ ನೋಡಿದರಂತೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 16 ಜನರಲ್ಲಿ 13 ಮಂದಿ ಒಂದೇ ಸಲಕ್ಕೆ ಗುಣವಾದರು. ಓದುವಾಗ ಮೂಗು ಮುಚ್ಚಿಕೊಂಡೆ, ಆದರೂ ಎರಡು ಸಲ ಓದಿದೆ.

ಈಗ ಆ ಪುಡಿಗೆ ಬರುತ್ತೇನೆ. ಪ್ರೊಬಯೋಟಿಕ್ ಅಂದರೆ ಸಾಕಷ್ಟು ಪ್ರಮಾಣದಲ್ಲಿ ಕೊಟ್ಟರೆ ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಾಣು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಮತ್ತು ವಿಶ್ವಸಂಸ್ಥೆಯ ಆಹಾರ, ಕೃಷಿ ಸಂಸ್ಥೆ ಎಫ್‌ಎಒದವರು ಸೇರಿ ಹೇಳಿದ ಅರ್ಥ ಇದು. ಜೀವಂತ ಇರಬೇಕು, ಸಾಕಷ್ಟು ಇರಬೇಕು, ಒಳಿತು ಮಾಡಿದ್ದಕ್ಕೆ ಪುರಾವೆ ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ಅದು ಸುಮ್ನೆ ಪುಡಿ.

ಜೊತೆಗೆ ಯಾವ ತಳಿ ಅನ್ನುವುದೂ ಮುಖ್ಯ. ಸಂತೆಯಲ್ಲಿ ಹೋಗಿ "ಮಾವು ಕೊಡಿ" ಅಂದರೆ ಯಾರಾದರೂ ಕೊಡುತ್ತಾರಾ? ಕಾಟು ಮಾವು ಸಾಸಿವೆಗೆ, ಮಿಡಿ ಉಪ್ಪಿನಕಾಯಿಗೆ, ಮುಂಡಪ್ಪ ಕೊಯ್ದು ತಿನ್ನಲಿಕ್ಕೆ. ಹಾಗೇ ಲ್ಯಾಕ್ಟೋಬ್ಯಾಸಿಲಸ್ ಅಂದರೆ ಕುಲದ ಹೆಸರು, ಅದರಲ್ಲಿ ಜಾತಿ, ಜಾತಿಯಲ್ಲಿ ತಳಿ. ಒಂದು ತಳಿ ಮಾಡುವ ಕೆಲಸವನ್ನು ಅದರ ದಾಯಾದಿ ಮಾಡಬೇಕು ಅಂತೇನೂ ಇಲ್ಲ.

ಪುರಾವೆ ಇದೆಯಾ ಅಂದರೆ, ಇದೆ, ಆದರೆ ಯಾವುದಕ್ಕೆ ಅಂತ ಕೇಳಬೇಕು. ಆಂಟಿಬಯೋಟಿಕ್ ಶುರುಮಾಡಿದಾಗಲೇ ಜೊತೆಗೆ ಕೊಟ್ಟರೆ ಮಕ್ಕಳಲ್ಲಿ ಭೇದಿ ಕಡಿಮೆಯಾಗುತ್ತದೆ. ಎಷ್ಟೋ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆಯಲ್ಲಿ 33 ಅಧ್ಯಯನಗಳ 6,352 ಮಕ್ಕಳ ಲೆಕ್ಕ ಇದೆ, ಕೊಡದವರಲ್ಲಿ ನೂರಕ್ಕೆ 19, ಕೊಟ್ಟವರಲ್ಲಿ ನೂರಕ್ಕೆ 8. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ಮಾಡಿ 2017ರಲ್ಲಿ ಪ್ರಕಟವಾದದ್ದಂತೂ ನಮ್ಮ ದೇಶವೇ ಹೆಮ್ಮೆಪಡಬೇಕಾದ ಕೆಲಸ. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನು, ಅದಕ್ಕೆ ಆಹಾರವಾಗುವ ಒಂದು ಸಕ್ಕರೆಯ ಜೊತೆ, ಏಳು ದಿನ ಕೊಟ್ಟರು. ರಕ್ತಕ್ಕೆ ನಂಜೇರುವುದು ಅಥವಾ ಸಾವು, ಎರಡೂ ಸೇರಿ ನೂರಕ್ಕೆ 9 ಇದ್ದದ್ದು 5.4ಕ್ಕೆ ಇಳಿಯಿತು. ಅವೆಲ್ಲ ದಿನ ತುಂಬಿ ಅಥವಾ ಹೆಚ್ಚುಕಡಿಮೆ ತುಂಬಿ ಹುಟ್ಟಿ ಎದೆಹಾಲು ಕುಡಿಯುತ್ತಿದ್ದ ಮಕ್ಕಳು. ಇದನ್ನು ನೋಡಿ ದಿನ ತುಂಬದೆ ಹುಟ್ಟಿದ ಮಗುವಿಗೆ ಯಾರೂ ಮನೆಯಲ್ಲಿ ಪುಡಿ ಕೊಡಬೇಡಿ. ಅಂಥ ಒಂದು ಮಗು ತೀರಿಕೊಂಡ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಎಚ್ಚರಿಕೆಯನ್ನೇ ಹೊರಡಿಸಿತು.

ಭೇದಿ ಶುರುವಾದ ಮೇಲೆ ಕೊಟ್ಟರೆ ನಿಲ್ಲುತ್ತದಾ ಅನ್ನುವುದಕ್ಕೆ ಉತ್ತರ ಅಷ್ಟು ಚೆನ್ನಾಗಿಲ್ಲ. 2018ರಲ್ಲಿ ವಾಂತಿಭೇದಿಯಾದ ಮಕ್ಕಳ ಮೇಲೆ ಅಮೆರಿಕದಲ್ಲಿ 971, ಕೆನಡಾದಲ್ಲಿ 886 ಮಕ್ಕಳನ್ನು ಸೇರಿಸಿ ಮಾಡಿದ ಎರಡು ದೊಡ್ಡ ಪ್ರಯೋಗಗಳ ಫಲ ಬಂತು. ಪ್ರೊಬಯೋಟಿಕ್ ಕೊಟ್ಟದ್ದಕ್ಕೂ ಸುಳ್ಳು ಪುಡಿ ಕೊಟ್ಟದ್ದಕ್ಕೂ ವ್ಯತ್ಯಾಸ ಇರಲಿಲ್ಲ. ಅದೇ ವರ್ಷ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 21 ಜನರ ಮೇಲೆ ಮಾಡಿದ ಸಣ್ಣ ಅಧ್ಯಯನ ಇನ್ನೂ ವಿಚಿತ್ರ. ಆಂಟಿಬಯೋಟಿಕ್ ಮುಗಿಸಿ ಪ್ರೊಬಯೋಟಿಕ್ ತಗೊಂಡವರಲ್ಲಿ, ಏನೂ ತಗೊಳ್ಳದೆ ಸುಮ್ಮನಿದ್ದವರಿಗಿಂತ, ಸ್ವಂತ ಸೂಕ್ಷ್ಮಾಣುಗಳು ವಾಪಸ್ ಬರುವುದು ತಡವಾಯಿತಂತೆ. ಬಾಡಿಗೆಗೆ ಬಂದವರು ಮನೆ ಬಿಡಲಿಲ್ಲ. ಒಂದು ಸಣ್ಣ ಅಧ್ಯಯನದಿಂದ ತೀರ್ಮಾನ ಮಾಡಬಾರದು, ಒಪ್ಪಿದೆ. ಆದರೆ ಕೌಂಟರಿನಲ್ಲಿ "ಏನೂ ಆಗುವುದಿಲ್ಲ, ಒಳ್ಳೇದೇ" ಅಂತ ಹೇಳುವ ಮೊದಲು ಒಂದು ಕ್ಷಣ ತಡೆಯಲು ಅಷ್ಟು ಸಾಕಲ್ವಾ?

ಅತ್ತೆ ನುಂಗಿದ ಮಾತ್ರೆಯ ಸ್ಟ್ರಿಪ್ಪನ್ನು ಮನೆಗೆ ಬಂದ ಮೇಲೆ ಕನ್ನಡಕ ಹಾಕಿ ಓದಿದೆ. ಅಮಾಕ್ಸಿಸಿಲಿನ್, ಕ್ಲಾಕ್ಸಾಸಿಲಿನ್, ಕೊನೆಯಲ್ಲಿ ಲ್ಯಾಕ್ಟಿಕ್ ಆಸಿಡ್ ಬ್ಯಾಸಿಲಸ್. ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಎರಡು ಮದ್ದು, ಅದೇ ಗುಳಿಗೆಯಲ್ಲಿ ಒಂದು ಬ್ಯಾಕ್ಟೀರಿಯಾ. ಹೆಬ್ಬಾವಿನ ಜೊತೆ ಕೋಳಿಮರಿಯನ್ನು ಒಂದೇ ಬುಟ್ಟಿಯಲ್ಲಿ ಕಳಿಸಿದ ಹಾಗೆ. ಇದು ಬೀಜಕವಾಗಿ ಗಟ್ಟಿ ಚಿಪ್ಪಿನೊಳಗೆ ಇರುವ ಜಾತಿ, ಅಷ್ಟು ಸುಲಭಕ್ಕೆ ಸಾಯುವುದಿಲ್ಲ ಅನ್ನುತ್ತಾರೆ. ಇರಬಹುದು. ಆದರೆ ಚಿಪ್ಪು ಬಿಟ್ಟು ಹೊರಬಂದ ಮೇಲೆ? ಪ್ರೊಬಯೋಟಿಕ್ಕನ್ನು ಆಂಟಿಬಯೋಟಿಕ್ಕಿನಿಂದ ಎರಡು ಗಂಟೆಯಾದರೂ ದೂರ ಇಟ್ಟು ಕೊಡಿ ಅಂತ ಡಾಕ್ಟರುಗಳೇ ಹೇಳುತ್ತಾರೆ, ಒಂದೇ ಗುಳಿಗೆಯಲ್ಲಿ ಎರಡು ಗಂಟೆ ಹೇಗೆ ದೂರ ಇಡುವುದು? ಇನ್ನೊಂದು ತಮಾಷೆ. ಈ ಬ್ಯಾಕ್ಟೀರಿಯಾವನ್ನು ನಮ್ಮ ದೇಶದ ಎಷ್ಟೋ ಲೇಬಲ್ಲುಗಳಲ್ಲಿ ಲ್ಯಾಕ್ಟೋಬ್ಯಾಸಿಲಸ್ ಸ್ಪೋರೋಜೆನ್ಸ್ ಅಂತ ಬರೆಯುತ್ತಾರೆ. ಅದು ಲ್ಯಾಕ್ಟೋಬ್ಯಾಸಿಲಸ್ ಅಲ್ಲವೇ ಅಲ್ಲ. ಬ್ಯಾಸಿಲಸ್ ಕೊಆಗ್ಯುಲನ್ಸ್ ಅಂತ 1915ರಲ್ಲೇ ಹೆಸರಿಟ್ಟದ್ದನ್ನು ಆಮೇಲೆ ತಪ್ಪಾಗಿ ಗುರುತಿಸಿ ಕರೆದ ಹೆಸರು ಅದು. ತಪ್ಪು ತಿದ್ದಿ ಎಷ್ಟೋ ದಶಕ ಕಳೆದರೂ ಲೇಬಲ್ ಮಾತ್ರ ಹಾಗೇ ಇದೆ.

ವಾಟ್ಸಾಪಿನಲ್ಲಿ ಬರುವ "ನಮ್ಮ ಇಡ್ಲಿಯೇ ದೊಡ್ಡ ಪ್ರೊಬಯೋಟಿಕ್" ಎಂಬ ಮೆಸೇಜಿನವರಿಗೂ ಒಂದು ಮಾತು. ಉದ್ದು ಅಕ್ಕಿ ರುಬ್ಬಿಟ್ಟ ಹಿಟ್ಟು ಉಬ್ಬುವುದು ಲ್ಯೂಕೋನಾಸ್ಟಾಕ್‌ನಂಥ ಬ್ಯಾಕ್ಟೀರಿಯಾದಿಂದಲೇ, ನಿಜ. ಆದರೆ ಹಬೆಯಲ್ಲಿ ಹದಿನೈದು ನಿಮಿಷ ಬೆಂದ ಇಡ್ಲಿಯಲ್ಲಿ ಯಾರೂ ಉಳಿದಿರುವುದಿಲ್ಲ. ಹುಳಿಯಾದ ಹಿಟ್ಟು ಸುಲಭವಾಗಿ ಜೀರ್ಣವಾಗುತ್ತದೆ, ಕೆಲವು ಬಿ ವಿಟಮಿನ್ ಹೆಚ್ಚುತ್ತದೆ, ಅಷ್ಟೇ ಸಾಕು, ಇಲ್ಲದ್ದನ್ನು ಹೇಳುವುದು ಯಾಕೆ? ಉಪ್ಪುಸೊಳೆಯೂ ತೊಳೆದು ಬೇಯಿಸಿದ ಮೇಲೆ ಹಾಗೇ. ಒಗ್ಗರಣೆ ಹಾಕಿ ಕಾಯಿಸದ ಮಜ್ಜಿಗೆಯಲ್ಲಿ, ರಾತ್ರಿ ನೀರು ಹಾಕಿಟ್ಟ ತಂಗಳನ್ನದಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತದೆ. ಎಷ್ಟು, ಯಾವ ತಳಿ ಅಂತ ನಮ್ಮ ಗಡಿಗೆಗೆ ಗೊತ್ತಿಲ್ಲದ ಕಾರಣ ಅದನ್ನು ಮದ್ದು ಅಂತ ಕರೆಯುವ ಹಾಗಿಲ್ಲ, ಊಟ ಅಂತ ಕರೆದು ದಿನಾ ಉಣ್ಣಬಹುದು. ಹಿತ್ತಲಿನ ಬಾಳೆಕಾಯಿಗೆ ಮಾತ್ರ ಒಂದು ಒಳ್ಳೆಯ ಸಾಕ್ಷಿ ಸಿಕ್ಕಿತು. ಎಷ್ಟು ದಿನವಾದರೂ ನಿಲ್ಲದ ಭೇದಿ ಇದ್ದ ಬಾಂಗ್ಲಾದೇಶದ ಶಿಶುಗಳಿಗೆ ಬೇಯಿಸಿದ ಬಾಳೆಕಾಯಿ ಸೇರಿಸಿದ ಅನ್ನದ ಆಹಾರ ಕೊಟ್ಟಾಗ ಬೇಗ ಗುಣವಾಯಿತು ಅಂತ 2001ರಲ್ಲಿ ಪ್ರಕಟವಾಗಿದೆ. ಹೊಟ್ಟೆ ಕೆಟ್ಟಾಗ ಬಾಳೆಕಾಯಿ ಬೇಯಿಸಿ ಕೊಡುತ್ತಿದ್ದ ನನ್ನ ಅಜ್ಜಿಗೆ ಇದನ್ನು ಓದಿ ಹೇಳಬೇಕಿತ್ತು.

ಇನ್ನು ನಿಮ್ಮಿಂದ ನಾನು ಕೇಳುವುದು.

ಕೇರಳ ಸರ್ಕಾರ ಆಪರೇಷನ್ ಅಮೃತ್ ಅಂತ 2024ರಲ್ಲಿ ಶುರುಮಾಡಿ ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವುದನ್ನು ತಡೆಯಲು ಹೊರಟದ್ದು ದೇಶಕ್ಕೇ ಮಾದರಿ. ಆಂಟಿಬಯೋಟಿಕ್ಕನ್ನು ನೀಲಿ ಕವರಿನಲ್ಲಿ ಕೊಡುವುದೂ ಒಳ್ಳೆಯ ಯೋಚನೆ, ಬಣ್ಣ ನೋಡಿಯೇ ಗೊತ್ತಾಗಬೇಕು. ಆದರೆ ನನ್ನ ಕೈಗೆ ಸಿಕ್ಕಿದ ನೀಲಿ ಕವರಿನಲ್ಲಿ ಕನ್ನಡದ ಒಂದಕ್ಷರ ಇರಲಿಲ್ಲ. ಬೇರೆ ಕಡೆ ಇದ್ದರೆ ಸಂತೋಷ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡ ಮಾತ್ರ ಓದಲು ಬರುವ ಮುದುಕ ಮುದುಕಿಯರು ಮನೆಮನೆಯಲ್ಲಿ ಇದ್ದಾರೆ. ಮದ್ದು ಹೆಚ್ಚು ನುಂಗುವವರೂ ಅವರೇ. ಈ ಎರಡು ತಾಲೂಕಿಗೆ ಹೋಗುವ ಕವರಿನಲ್ಲಿ, ಮೆಡಿಕಲ್ ಅಂಗಡಿಯ ಬೋರ್ಡಿನಲ್ಲಿ, ಕುಟುಂಬ ಆರೋಗ್ಯ ಕೇಂದ್ರದ ಗೋಡೆಯಲ್ಲಿ ಕನ್ನಡ ಇರಬೇಕು. ದಯವಿಟ್ಟು ಕಂಪ್ಯೂಟರಿಗೆ ಅನುವಾದ ಮಾಡಲು ಹೇಳಬೇಡಿ, ನಮ್ಮ ರಸ್ತೆ ಬದಿಯ ಬೋರ್ಡುಗಳಲ್ಲಿ ಆ ಕನ್ನಡವನ್ನು ಓದಿ ನಕ್ಕೂ ನಕ್ಕೂ ಸಾಕಾಗಿದೆ.

ಮದ್ದಿನ ಅಂಗಡಿಯವರೇ, ಆಂಟಿಬಯೋಟಿಕ್ ಜೊತೆ ಪ್ರೊಬಯೋಟಿಕ್ ಕೊಡುವಾಗ ಯಾಕೆ, ಯಾವಾಗ, ಹೇಗೆ ಅಂತ ಮೂರು ಮಾತು ಹೇಳಿ. ಬಿಸಿಗೆ ಹಾಕಬಾರದು ಅನ್ನಿ. ಕೆಲವನ್ನು ಫ್ರಿಜ್ಜಿನಲ್ಲಿ ಇಡಬೇಕು, ನಿಮ್ಮಲ್ಲಿ ಕರೆಂಟು ಹೋದಾಗ ಅದರ ಗತಿ ಏನಾಗುತ್ತದೆ ಅಂತ ನೀವೇ ನೋಡಿಕೊಳ್ಳಿ. ಆಹಾರ ಅಂತ ಮಾರುವ ಪ್ರೊಬಯೋಟಿಕ್‌ನಲ್ಲಿ ದಿನದ ಪ್ರಮಾಣಕ್ಕೆ ಕನಿಷ್ಠ 10 ಕೋಟಿ ಜೀವಂತ ಸೂಕ್ಷ್ಮಾಣು ಇರಬೇಕು ಅಂತ ನಿಯಮ ಇದೆ, ಶೆಲ್ಫಿನಲ್ಲಿ ಬಿಸಿಲು ಬಿದ್ದರೆ ನಿಯಮ ಏನು ಮಾಡೀತು? ಭೇದಿ ಅಂತ ಬಂದವರಿಗೆ ಮೊದಲು ಓಆರ್‌ಎಸ್ ಕೊಡಿ. ಅದರಲ್ಲಿ ನಿಮಗೆ ಲಾಭ ಕಡಿಮೆ ಅಂತ ನನಗೂ ಗೊತ್ತು. 1971ರಲ್ಲಿ ಪಶ್ಚಿಮ ಬಂಗಾಳದ ಬೊಂಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಡ್ರಮ್ಮುಗಳಲ್ಲಿ ಉಪ್ಪು ಸಕ್ಕರೆಯ ನೀರು ಕದಡಿಟ್ಟು ಕಾಲರಾದಿಂದ ಎಷ್ಟೋ ಜೀವ ಉಳಿಸಿದರಲ್ಲ, ಇದು ಅದೇ ನೀರು. ಅದರ ಹೆಸರನ್ನು ಸಕ್ಕರೆ ಪಾನೀಯದ ಡಬ್ಬಿಯ ಮೇಲೆ ಹಾಕಬಾರದು ಅಂತ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐಯವರು 2025ರಲ್ಲಿ ಆದೇಶ ಮಾಡಿದರು. ಅಂದರೆ ಮನಸ್ಸು ಮಾಡಿದರೆ ಲೇಬಲ್ ಬದಲಾಗುತ್ತದೆ. ಆಂಟಿಬಯೋಟಿಕ್ಕಿನ ಹೊಟ್ಟೆಯಲ್ಲೇ ಬ್ಯಾಕ್ಟೀರಿಯಾ ಇಟ್ಟು ಮಾರುವ ಗುಳಿಗೆಗಳ ಬಗ್ಗೆಯೂ ಔಷಧ ನಿಯಂತ್ರಣ ಇಲಾಖೆಯವರು ಒಮ್ಮೆ ಉತ್ತರ ಕೊಡಲಿ.

ಕವರಿಗೆ ಏನು ಬರೆಯುವುದು ಅಂತ ಸಮಿತಿ ಮಾಡಿ ಕಾಲ ಕಳೆಯುವುದು ಬೇಡ, ನಾನೇ ಬರೆದು ಕೊಡುತ್ತೇನೆ:

"ಇದು ಆಂಟಿಬಯೋಟಿಕ್. ಶೀತಕ್ಕೆ, ಮಾಮೂಲಿ ಜ್ವರಕ್ಕೆ ಅಲ್ಲ. ಡಾಕ್ಟರು ಹೇಳಿದಷ್ಟು ದಿನ ತಗೊಳ್ಳಿ, ಉಳಿಸಿ ಬೇರೆಯವರಿಗೆ ಕೊಡಬೇಡಿ.

ಇದರಿಂದ ಭೇದಿ ಆಗಬಹುದು. ಭೇದಿಯಾದರೆ ಮೊದಲು ಓಆರ್‌ಎಸ್: ದೊಡ್ಡ ಪ್ಯಾಕೆಟ್ ಪೂರ್ತಿ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ. ಅದು ಸಿಗುವ ತನಕ ಗಂಜಿತೆಳಿಗೆ ಉಪ್ಪು ಹಾಕಿ ಕುಡಿಯಿರಿ.

ಮಲದಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಮೂತ್ರ ಕಡಿಮೆಯಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಪ್ರೊಬಯೋಟಿಕ್ ಪುಡಿ ಕೊಟ್ಟಿದ್ದರೆ ಬಿಸಿ ಗಂಜಿಗೆ, ಚಹಾಕ್ಕೆ ಹಾಕಬೇಡಿ. ಈ ಮಾತ್ರೆ ತಗೊಂಡು ಎರಡು ಗಂಟೆಯ ಮೇಲೆ ತಗೊಳ್ಳಿ."

ಇದನ್ನು ಅತ್ತೆಯಿಂದ ಓದಿಸಿ ನೋಡಿದೆ. ಕನ್ನಡಕ ಏರಿಸಿ, ಬೆರಳು ಇಟ್ಟು, ಗಟ್ಟಿಯಾಗಿ ಓದಿದರು. ಕೊನೆಯ ಸಾಲಿಗೆ ಬಂದಾಗ ಸ್ವಲ್ಪ ನಿಂತು, "ಇದನ್ನು ಮೊದಲೇ ಹೇಳ್ಳಿಕ್ಕೆ ಏನಾಗಿತ್ತು ನಿಂಗೆ?" ಅಂದರು. ಅಕ್ಷರ ಇನ್ನೂ ಸ್ವಲ್ಪ ದೊಡ್ಡದು ಮಾಡಲು ಹೇಳು ಅಂತಲೂ ಅಂದಿದ್ದಾರೆ. ಅಚ್ಚಿಗೆ ಕೊಡುವಾಗ ಅದೊಂದು ಗಮನದಲ್ಲಿರಲಿ.

ಇತಿ,
ಪೆರ್ಲದ ಹತ್ತಿರದ ಒಬ್ಬ ಸೊಸೆ